ಮಂದಿ ಕಡಿಮೆ ಇರುವ ದಿನ

ನಾಟಕ ಕಂಪನಿಯ ಆಟೋ ‘ಕೊನೆಯ ಮೂರೇ ದಿನಗಳು’ ಎಂದು ಮೈಕಿನಲ್ಲಿ ಕೂಗುತ್ತ ಮಾನ್ವಿಯ ನಮ್ಮ ಓಣಿಗೆ ಬಂದರೆ, ಕಮಲಮ್ಮ ಅಕ್ಕೋರು ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು. “ಹೋಗ್ರಿ ಹೋಗ್ರಿ, ಇನ್ನಾ ಹದಿನೈದು ದಿನ ನೀವು ಎಲ್ಲೂ ಹೋಗಂಗಿಲ್ಲ.” ಅವರ ಮಾತು ಸುಳ್ಳಾಗುತ್ತಿರಲಿಲ್ಲ. ಮೂರು ದಿನ ಕಳೆದ ಮೇಲೆ ಅದೇ ಆಟೋ ‘ಪ್ರೇಕ್ಷಕರ ಒತ್ತಾಯದ ಮೇರೆಗೆ’ ಎಂದು ರಾಗ ಬದಲಿಸಿ, ನಾಟಕವನ್ನು ಇನ್ನೊಂದು ವಾರ ಮುಂದಕ್ಕೆ ಹಾಕಿಕೊಂಡು ಹೋಗುತ್ತಿತ್ತು. ನಮ್ಮ ಕಡೆ ಕಂಪನಿ ನಾಟಕ ನೋಡುವವರಿಗೆಲ್ಲ ಇದು ಗೊತ್ತಿರುವುದೇ. ಆದರೆ ಅಕ್ಕೋರಷ್ಟು ಗಟ್ಟಿಯಾಗಿ ಅದನ್ನು ನಂಬಿದವರನ್ನು ನಾನು ಬೇರೆ ಕಂಡಿಲ್ಲ.

ಟೀಚರಮ್ಮನನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ಪ್ರಾಥಮಿಕ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾಗಿದ್ದ ಅವರ ಮನೆಯ ಮುಂದಿನ ಕೋಣೆಗೆ ನಾನು ಬಾಡಿಗೆಗೆ ಬಂದದ್ದು, ಮಾನ್ವಿಯ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕ ವರ್ಷ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಮುಂಗೈ ಒಳಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ, ಎದುರಿಗಿದ್ದವರ ಬೆನ್ನು ತಾನಾಗಿ ನೆಟ್ಟಗಾಗುವಂಥ ನೋಟ. ಮದುವೆ ಆಗಿರಲಿಲ್ಲ. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ತಾಯಿಯ ಪಟ, ಅಷ್ಟೇ ಅವರ ಸಂಸಾರ. ಸಂಜೆಯಾದರೆ ಮನೆಯಲ್ಲಿ ಯಾರದಾದರೂ ದನಿ ಕೇಳಿಸಲಿ ಎಂದು ಟಿವಿ ಹಚ್ಚಿಟ್ಟು, ತಾವು ಅಂಗಳದಲ್ಲಿ ಬಂದು ಕೂರುತ್ತಿದ್ದರು. ಆ ಹೊತ್ತಿಗೆ ನಾನೂ ಹೊರಗೆ ಬರುತ್ತಿದ್ದೆ. ಅವರನ್ನು ನೋಡಿದರೆ ನನಗೆ ಪಾಪ ಅನಿಸುತ್ತಿತ್ತು, ಹಾಗೆ ಅನಿಸಿತೆಂದು ತೋರಿಸಿಕೊಳ್ಳಲು ಹೆದರಿಕೆಯೂ ಆಗುತ್ತಿತ್ತು.

ನಾಟಕ ಮಾತ್ರ ಅವರ ಹುಚ್ಚು. ಆ ಹುಚ್ಚಿಗೂ ಒಂದು ಶಿಸ್ತಿತ್ತು. ಮೊದಲ ವಾರ ಹೋಗಬಾರದು, ನಟರಿಗೆ ಊರಿನ ಗಾಳಿ ಇನ್ನೂ ಹಿಡಿದಿರುವುದಿಲ್ಲ. ಶನಿವಾರ, ಭಾನುವಾರ, ಸಂತೆಯ ದಿನ ಬೇಡವೇ ಬೇಡ. ಭತ್ತದ ನಾಟಿ ಜೋರಾಗಿದ್ದರೆ ಹಿರೇಕೊಟ್ನೆಕಲ್ ಕಡೆಯವರು ಗದ್ದೆ ಬಿಟ್ಟು ಬರುವುದಿಲ್ಲ, ಅದು ಒಳ್ಳೆಯದು. ಸುಗ್ಗಿ ಮುಗಿದು ಎಲ್ಲರೂ ಖುಷಿಯಾಗಿದ್ದಾರೆಂದರೆ ಅಕ್ಕೋರ ಮುಖ ಸಪ್ಪಗಾಗುತ್ತಿತ್ತು.

“ಮಂದಿ ಇದ್ರ ನಾಟಕಕ್ಕ ಕಳೆ ಬರ್ತದಲ್ರೀ ಅಕ್ಕೋರ,” ಎಂದೆ ಒಮ್ಮೆ.

“ಕಳೆ ಬರ್ತದ, ನಮಗೇನು ಬರ್ತದ?” ಎಂದರು. “ನಮ್ಮವ್ವ ರಾಯಚೂರಾಗ ಹತ್ತಿ ಮಿಲ್ಲಿಗೆ ಹೋಗ್ತಿದ್ಳು. ನಾಟಕ ಅಂದ್ರ ಅಕಿಗೂ ಜೀವ. ಮಂದಿ ತುಂಬಿದ ದಿನ ನಮ್ಮನ್ನ ಹಿಂದಕ್ಕ ದಬ್ಬತಿದ್ರು, ಮಂದಿ ತಲಿ ಬಿಟ್ರ ಏನೂ ಕಾಣ್ತಿದ್ದಿಲ್ಲ. ಯಾರೂ ಬರದ ದಿನ ಅವರಾ ಕರೆದು ಮುಂದ ಕುಂದ್ರಸ್ತಿದ್ರು. ಅವತ್ತು ರಾಜಾನೂ ನಮಗಾ ಮಾತಾಡ್ತಿದ್ದ, ರಾಣಿನೂ ನಮಗಾ ಅಳ್ತಿದ್ಳು.”

ಅದರ ಅರ್ಥ ನನಗಾದದ್ದು ರಾಯಚೂರಿನಲ್ಲಿ. ಮಳೆ ಹಿಡಿದ ಒಂದು ಮಂಗಳವಾರ ನನ್ನನ್ನು ಸಂಜೆಯ ಆಟಕ್ಕೆ ಕರೆದುಕೊಂಡು ಹೋದರು. ತಗಡಿನ ಥೇಟರಿನಲ್ಲಿ ಬೆರಳೆಣಿಕೆಯ ಜನ. ಅಕ್ಕೋರು ಮೂರನೇ ಸಾಲಿನ ತುದಿಯಲ್ಲಿ ಕಂಬದ ಪಕ್ಕ ಕೂತರು, ನಾನು ಅವರ ಪಕ್ಕ. ತಾಯಿಯ ಪಾತ್ರ ಮಾಡುತ್ತಿದ್ದ ನಟಿಗೆ ಅವರಷ್ಟೇ ವಯಸ್ಸು, ಹೆಸರು ಗಂಗಮ್ಮ. ಮಗ ಮನೆಯಿಂದ ಹೊರಗೆ ಹಾಕಿದ ಮೇಲೆ ಆಕೆ ರಂಗದ ನಡುವೆ ನಿಂತು, “ನನ್ನ ನೋವನ್ನು ಯಾರ ಮುಂದೆ ಹೇಳಲಿ?” ಎಂದಳು. ಮೇಲೆ ತಗಡಿನ ಮೇಲೆ ಮಳೆ. ಅಕ್ಕೋರು ಕೂತಲ್ಲಿಂದಲೇ ಹೇಳಿಬಿಟ್ಟರು: “ಹೇಳಬೇ, ನಾ ಅದೀನಿ.”

ಹಿಂದೆ ಒಂದಿಬ್ಬರು ನಕ್ಕರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಗಂಗಮ್ಮ ನಗಲಿಲ್ಲ. ಒಂದು ಹೆಜ್ಜೆ ಈಚೆ ಬಂದು, ಉಳಿದ ಮಾತನ್ನೆಲ್ಲ ಅಕ್ಕೋರ ಮುಖ ನೋಡಿಯೇ ಹೇಳಿದಳು. ಆಟ ಮುಗಿದ ಮೇಲೆ ಬಣ್ಣ ತೆಗೆಯದೆ ಹೊರಗೆ ಬಂದು ಅವರ ಕೈ ಹಿಡಿದುಕೊಂಡಳು. “ಮತ್ತ ಬರ್ರಿ ಯಕ್ಕಾ.” ಅಕ್ಕೋರು, “ಮಂದಿ ಕಡಿಮಿ ಇದ್ದಾಗ ಬರ್ತೀನಿ,” ಎಂದರು. ತಿರುಗಿ ಬರುವಾಗ ಬಸ್ಸು ಕಲ್ಲೂರು ದಾಟುವವರೆಗೂ ಅವರು ಕಿಟಕಿಯಾಚೆ ಮಳೆ ನೋಡುತ್ತ ಕೂತಿದ್ದರು. ಆಮೇಲೆ, “ಅಕಿನೂ ಒಬ್ಬಾಕಿನಾ ಅದಾಳ ನೋಡು,” ಎಂದರು.

ಅಲ್ಲಿಂದ ಮುಂದೆ ಆ ಕಂಪನಿ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಬೀಡುಬಿಟ್ಟರೂ ನಾವು ಹೋಗುತ್ತಿದ್ದೆವು. ಅದೇ ಸಾಲು, ಅದೇ ಕಂಬದ ಪಕ್ಕ. ಗಂಗಮ್ಮ ರಂಗಕ್ಕೆ ಬಂದೊಡನೆ ಅತ್ತ ಒಂದು ಸಲ ಕಣ್ಣು ಹಾಯಿಸುತ್ತಿದ್ದಳು. ಅಕ್ಕೋರು ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಅವರಿಬ್ಬರ ಸ್ನೇಹವೆಂದರೆ ಇಷ್ಟೇ.

ಎರಡು ವರ್ಷಗಳ ಹಿಂದೆ ಕಂಪನಿ ದೇವದುರ್ಗಕ್ಕೆ ಬಂತು. ಗಬ್ಬೂರಿನಲ್ಲಿ ಟೀಚರಾಗಿರುವ ನನ್ನ ಗೆಳತಿ ಶರಣಮ್ಮ ನಾಟಕ ನೋಡಿ ಬಂದು ಫೋನು ಮಾಡಿದಳು. ಗಂಗಮ್ಮನಿಗೆ ಮೊಣಕಾಲು ಹೋಗಿವೆ, ಈ ಕ್ಯಾಂಪ್ ಮುಗಿದರೆ ಬಣ್ಣ ಹಚ್ಚುವುದು ಬಿಟ್ಟು ಮಗಳ ಮನೆಗೆ ಹೋಗುತ್ತಾಳಂತೆ. ಅಕ್ಕೋರಿಗೆ ಹೇಳಿದೆ. ಎದ್ದು ಹೋಗಿ ಕ್ಯಾಲೆಂಡರಿನ ಮುಂದೆ ನಿಂತರು.

“ಶನಿವಾರ ಹೋಗೂಣ್ರೀ,” ಎಂದೆ.

“ಶನಿವಾರ ಜಾತ್ರಿ ಆಗಿರ್ತದ. ಅಕಿನ್ನ ಕಡೀ ಸಲ ನೋಡೂದು, ಮಂದಿ ತಲಿ ಹಿಂದ ಕುಂತು ನೋಡ್ಲೇನು? ಅಕಿಗೆ ನಾ ಕಾಣಬೇಕಲ್ಲ.”

ಕೆಲವು ದಿನಗಳಲ್ಲೇ ಶರಣಮ್ಮ ಮತ್ತೆ ಫೋನು ಮಾಡಿ, ಗಬ್ಬೂರಿಗೆ ಬಂದಿದ್ದ ಆಟೋದ ದನಿ ಕೇಳಿಸಿದಳು. ಕೊನೆಯ ಮೂರೇ ದಿನಗಳು. ಅಕ್ಕೋರು ಫೋನಿಗೇ ಉತ್ತರ ಕೊಟ್ಟರು, “ಹೋಗ್ರಿ ಹೋಗ್ರಿ.” ಅವರೆಂದಂತೆ ನಾಟಕ ಒಂದು ವಾರ ಮುಂದಕ್ಕೆ ಹೋಯಿತು. ಆಮೇಲೆ ಮತ್ತೆ ಕೊನೆಯ ಮೂರು ದಿನ. ಈ ಸಲ ನನಗೆ ಜೀವ ತಡೆಯಲಿಲ್ಲ. ಅಕ್ಕೋರು ಮಾತ್ರ ಲೆಕ್ಕ ಹಾಕಿಯೇ ಇದ್ದರು. ಕೊನೆಯದು ಎಂದು ನಂಬಿದವರೆಲ್ಲ ಸೋಮವಾರದೊಳಗೆ ನೋಡಿ ಮುಗಿಸುತ್ತಾರೆ, ನಾಟಕ ಮತ್ತೆ ಮುಂದಕ್ಕೆ ಹೋಗುತ್ತದೆ, ಮಂಗಳವಾರ ಥೇಟರು ಖಾಲಿ ಇರುತ್ತದೆ. ಮಂಗಳವಾರ ಗಂಗಮ್ಮನಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಮಾಡಿಕೊಂಡು ಬಸ್ಸು ಹತ್ತಿದರು.

ಬಯಲಿನಲ್ಲಿ ತಗಡು ಬಿಚ್ಚುತ್ತಿದ್ದರು. ರಂಗದ ಹಲಗೆಗಳು ಆಗಲೇ ಲಾರಿಯಲ್ಲಿದ್ದವು. ಕುರ್ಚಿಗಳು ಮಾತ್ರ ಇನ್ನೂ ಸಾಲಾಗಿ, ಬರೀ ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಮುದುಕ ಅಕ್ಕೋರ ಗುರುತು ಹಿಡಿದ.

“ಈಗ ಬಂದ್ರ್ಯಾ? ನಿನ್ನಿಗೇ ಮುಗೀತಲ್ರೀ. ಗಂಗಮ್ಮನೋರು ಮುಂಜಾನಿ ಹೋದ್ರು. ದಿನಾ ಪರದಿ ಸಂದಿಲಿಂದ ನೋಡಿ, ಮಾನ್ವಿ ಅಕ್ಕೋರು ಬಂದಾರೇನು ಅಂತ ಕೇಳ್ತಿದ್ರು. ನಿನ್ನಿ ಮಂದಿ ಭಾಳ ಇತ್ತು. ಆದ್ರೂ ನಿಮ್ಮ ಕುರ್ಚಿ ಮ್ಯಾಲ ಅವರು ಯಾರನ್ನೂ ಕುಂದ್ರಸಗೊಡಲಿಲ್ಲ.”

ಅಕ್ಕೋರು ಹೋಗಿ ಮೂರನೇ ಸಾಲಿನ ತುದಿಯಲ್ಲಿ ಕೂತರು. ಪಕ್ಕದ ಕಂಬ ಕಿತ್ತಾಗಿತ್ತು. ಡಬ್ಬಿ ತೊಡೆಯ ಮೇಲಿತ್ತು. ಕುರ್ಚಿ ಹೊರುವವರು ಹಿಂದಿನ ಸಾಲುಗಳನ್ನೆಲ್ಲ ಎತ್ತಿ, ಇವರ ಹತ್ತಿರ ಬಂದು ನಿಂತರು.

“ಎತ್ತಬೇಕ್ರೀ ಯವ್ವಾ.”

“ಎತ್ತಪ್ಪಾ,” ಎಂದು ಎದ್ದರು. ಡಬ್ಬಿಯನ್ನು ಅವರಿಗೇ ಕೊಟ್ಟರು.

ಮುಂದಿನ ಚಳಿಗಾಲಕ್ಕೆ ಅಕ್ಕೋರು ತೀರಿಕೊಂಡರು. ಅವರ ಸಂಬಂಧಿಕರು ಮನೆ ಮಾರಿದರು, ನಾನು ಬೇರೆ ಓಣಿಗೆ ಬಂದೆ. ಈ ವರ್ಷ ಕಂಪನಿ ಮಾನ್ವಿಗೇ ಬಂದಿತ್ತು. ತಪ್ಪಿಹೋದೀತೆಂಬ ಹೆದರಿಕೆಗೆ ನಾನು ಮೊದಲ ದಿನವೇ ಹೋದೆ. ಕಾಲಿಡಲು ಜಾಗವಿರಲಿಲ್ಲ, ಹಿಂದೆ ಎಲ್ಲೋ ಕೂತೆ. ತಾಯಿಯ ಪಾತ್ರಕ್ಕೆ ಹೊಸಬಳು ಬಂದಿದ್ದಳು. ಚೆನ್ನಾಗಿಯೇ ಮಾಡಿದಳು. ನನ್ನ ನೋವನ್ನು ಯಾರ ಮುಂದೆ ಹೇಳಲಿ ಎಂದು ಆಕೆ ಕೇಳಿದಾಗ, ನಾ ಅದೀನಿ ಎಂಬ ಮಾತು ನನ್ನ ಬಾಯಿಯವರೆಗೂ ಬಂತು. ಆಕೆ ಬೇರೆ ಕಡೆ ನೋಡುತ್ತಿದ್ದಳು.