ಅತ್ತೆ ಹುಡುಕಿದ ನಾಯಿ

ಎಡಗೈ ಇರಬೇಕು. ಅತ್ತೆ ವಾಚು ಕಟ್ಟುತ್ತಿದ್ದದ್ದು ಎಡಗೈಗೆ, ಗೀರುಗಳು ವಾಚಿನ ಪಟ್ಟಿಯಿಂದಲೇ ಹೊರಟು ಮೊಣಕೈವರೆಗೆ ಹೋಗುತ್ತಿದ್ದವು ಎಂದು ನನ್ನ ನೆನಪು. ಅಮ್ಮ ಅದು ಬಲಗೈ ಎನ್ನುತ್ತಾಳೆ. ಯಾವ ಕೈಯಾದರೂ ಇರಲಿ, ಗೀರುಗಳಂತೂ ಇದ್ದವು: ತೆಳ್ಳಗೆ, ಬೆಳ್ಳಗೆ, ಕೆಲವು ಇನ್ನೂ ಕೆಂಪಾಗಿ. ಸೆರಗಿನಿಂದ ಅವನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಯಾರಾದರೂ ನೋಡಿದರೆ, "ನಮ್ಮ ಟಿಂಕರ್ ಗುಡ್ ಮಾರ್ನಿಂಗ್ ಹೇಳಿದ್ದು," ಎನ್ನುತ್ತಿದ್ದಳು.

ಇದನ್ನು ನಾನು ಸಿಟ್ಟಿನಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯವರ ಬಳಿ ಅತ್ತೆಯ ಬಗ್ಗೆ ಒಂದು ತಮಾಷೆಯ ಕಥೆ ಯಾವಾಗಲೂ ತಯಾರಿರುತ್ತದೆ, ಚೌತಿಯ ದಿನ ಅವಳ ನಾಯಿ ಇಲಿ ಹಿಡಿದ ಕಥೆ. ಹೇಳಿ ಹೇಳಿ ಅದು ಎಷ್ಟು ನುಣುಪಾಗಿದೆಯೆಂದರೆ ಎಲ್ಲರಿಗೂ ಎಲ್ಲಿ ನಗಬೇಕೆಂದು ಗೊತ್ತು. ಆ ದಿನ ಯಾರೂ ನಕ್ಕಿದ್ದು ನನಗೆ ನೆನಪಿಲ್ಲ.

ಅತ್ತೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ಜಯನಗರದ ನಮ್ಮ ಮನೆಯಲ್ಲೇ ಇದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಆಂಗ್ಲೋ ಇಂಡಿಯನ್ ಹೆಂಗಸೊಬ್ಬಳು ಆಸ್ಟ್ರೇಲಿಯಾಕ್ಕೆ ಹೊರಟಾಗ ತನ್ನ ಫಾಕ್ಸ್ ಟೆರಿಯರ್ ನಾಯಿ ಟಿಂಕರನ್ನು ಅತ್ತೆಯ ಕೈಗಿಟ್ಟು ಹೋದಳು. ಬಿಳಿ ಮೈ, ಒಂದು ಕಿವಿಯ ಸುತ್ತ ಕಂದು ಮಚ್ಚೆ, ಮೋಟು ಬಾಲ. ಅದು ಒಂದು ಕಡೆ ನಿಂತದ್ದನ್ನು ನಾನು ಎಂದೂ ನೋಡಲಿಲ್ಲ.

ಡ್ಯೂಟಿಗೆ ಮುಂಚೆ ಅತ್ತೆ ಸೀರೆ ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿ, ಅದರ ಜೊತೆ ಯಡಿಯೂರು ಕೆರೆಯವರೆಗೆ ಓಡುತ್ತಿದ್ದಳು. ನಡೆಯುವುದಲ್ಲ, ಓಡುವುದೇ. "ಬೀದಿಯವರೆಲ್ಲಾ ನೋಡ್ತಾರೆ," ಎಂದು ಅಜ್ಜಿ ಗೊಣಗಿದರೆ, "ನೋಡ್ಲಿ, ಅವರಿಗೂ ವ್ಯಾಯಾಮ ಆಗುತ್ತೆ," ಎನ್ನುತ್ತಿದ್ದಳು. ಮನೆಯಲ್ಲಿ ನಾಯಿಗೆ ಮೊಸರನ್ನ. ಕೆರೆಯ ಬಳಿಯ ಗೂಡಂಗಡಿಯಲ್ಲಿ ಗುಟ್ಟಾಗಿ ಬೇಯಿಸಿದ ಮೊಟ್ಟೆ. ಸಂಜೆ ಅದರ ಕಿವಿಯಿಂದ ಉಣ್ಣೆಗಳನ್ನು ಕಿತ್ತು ಸೀಮೆಎಣ್ಣೆ ತುಂಬಿದ ಡಬ್ಬಿಯ ಮುಚ್ಚಳಕ್ಕೆ ಹಾಕುವಳು. ಟಿಂಕರ್ ಅಮ್ಮನ ಕನಕಾಂಬರದ ಪಾತಿಯನ್ನು ಅಗೆದು ಹಾಕಿದಾಗ ಅತ್ತೆ ಹೊಡೆಯಲಿಲ್ಲ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರ ಮರಳಿನ ರಾಶಿಯಲ್ಲಿ ಹಳೆಯ ಟೆನ್ನಿಸ್ ಚೆಂಡು ಹೂತು ಬಂದಳು. ಅಂದಿನಿಂದ ಅದು ಅಗೆದದ್ದು ಅಲ್ಲೇ. "ಇದು ಕೂತು ತಿನ್ನೋ ನಾಯಿ ಅಲ್ಲ. ಕೆಲಸ ಕೊಡಿ. ಕೊಡ್ದಿದ್ರೆ ಅದೇ ಹುಡುಕ್ಕೊಳ್ಳುತ್ತೆ," ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಇಲಿ ಕೊಲ್ಲುತ್ತಿರಲಿಲ್ಲ. ಬೋನಿಗೆ ಬಿದ್ದ ಇಲಿಯನ್ನು ಅಪ್ಪ ಸ್ಕೂಟರಿನಲ್ಲಿ ಕೊಂಡುಹೋಗಿ ಖಾಲಿ ಸೈಟುಗಳ ಆಚೆ ಬಿಟ್ಟು ಬರುತ್ತಿದ್ದ. ಆಚೆಯವರು ತಮ್ಮವನ್ನು ಈಚೆ ತಂದು ಬಿಡುತ್ತಿದ್ದರು. ಯಾರಿಗೂ ಪಾಪ ತಟ್ಟುತ್ತಿರಲಿಲ್ಲ. "ಅಣ್ಣ, ನೀನು ಇಲಿಗಳಿಗೆ ಟ್ರಾನ್ಸ್‌ಫರ್ ಕೊಡ್ತಿದ್ದೀಯ ಅಷ್ಟೇ," ಎಂದು ಅತ್ತೆ ಛೇಡಿಸುತ್ತಿದ್ದಳು.

ಆ ಚೌತಿಯ ದಿನ ಅತ್ತೆಗೆ ಡ್ಯೂಟಿ ಇತ್ತು. ಹಿತ್ತಲ ಬಾಗಿಲನ್ನು ಯಾರೋ ತೆರೆದು ಬಿಟ್ಟಿದ್ದರು. ಕಡುಬಿನ ವಾಸನೆಗೆ ಗಣಪತಿಯ ಮಂಟಪದ ಹಿಂದೆ ಇಲಿ ಬಂದಿತ್ತು. ಟಿಂಕರ್ ಒಂದೇ ನೆಗೆತಕ್ಕೆ ಹಿಡಿದು, ಕೊಡವಿ, ಸತ್ತದ್ದನ್ನು ತಂದು ರಂಗೋಲಿಯ ಮೇಲಿಟ್ಟು, ಭೇಷ್ ಅನ್ನಿಸಿಕೊಳ್ಳಲು ನಮ್ಮ ಮುಖ ನೋಡಿತು.

"ಅವನ ವಾಹನ. ಅವನ ಮುಂದೇನೇ," ಎಂದಳು ಅಜ್ಜಿ.

ಅಪ್ಪ ಸ್ಕೂಟರ್ ತೆಗೆದ. ಟಿಂಕರ್ ತಾನೇ ಹಾರಿ ಅವನ ಕಾಲ ಮುಂದೆ ನಿಂತಿತು. ಸ್ಕೂಟರ್ ಸವಾರಿ ಅದಕ್ಕೆ ಇಷ್ಟ. ಇದನ್ನು ನಾನು ಕಣ್ಣಾರೆ ನೋಡಿದೆನೋ, ಆಮೇಲೆ ಕಟ್ಟಿಕೊಂಡೆನೋ, ಆಣೆ ಮಾಡಲಾರೆ.

ಸಂಜೆ ಅತ್ತೆ ಗೇಟಿನಲ್ಲಿ ಸಿಳ್ಳೆ ಹಾಕಿದಳು. ಏನೂ ಓಡಿ ಬರಲಿಲ್ಲ.

"ಟಿಂಕರ್ ಎಲ್ಲಿ?"

"ಬಿಟ್ಟು ಬಂದೆ," ಎಂದ ಅಪ್ಪ. "ಕೊಂದಿಲ್ವಲ್ಲ."

"ಎಲ್ಲಿ ಅಂತ ಕೇಳಿದೆ."

"ಕೋಣನಕುಂಟೆ ಹತ್ರ. ಹಳ್ಳಿ ಕಡೆ ಹಾಯಾಗಿರುತ್ತೆ ಬಿಡು."

"ನೀವು ಹಾಕಿದ ಮೊಸರನ್ನ ತಿಂದ್ಕೊಂಡು ನೀವು ಮಾಡ್ದೆ ಬಿಟ್ಟ ಕೆಲಸ ಮಾಡ್ತು ಅದು." ಅತ್ತೆಯ ದನಿ ಏರಲಿಲ್ಲ. "ನಾಳೆ ನಂದೇನಾದ್ರೂ ತಪ್ಪಾದ್ರೆ ನನ್ನನ್ನ ಎಲ್ಲಿ ಬಿಟ್ಟು ಬರ್ತೀಯ ಅಣ್ಣ?"

"ಹಬ್ಬದ ದಿನ ಅಳಬಾರದು ಕಣೇ," ಎಂದಳು ಅಜ್ಜಿ.

ಅತ್ತೆ ಅಳುತ್ತಿರಲಿಲ್ಲ. ಮನೆಯವರ ಕಥೆಯಲ್ಲಿ ಅವಳು ನೆಲದ ಮೇಲೆ ಹೊರಳಾಡುತ್ತಾಳೆ. ಸುಳ್ಳು. ಅವಳು ಚಪ್ಪಲಿ ಕೂಡ ಬಿಡದೆ, ಕಡುಬು ಮುಟ್ಟದೆ, ಕನಕಪುರ ರಸ್ತೆಯ ಬಸ್ಸು ಹಿಡಿಯಲು ಹೋದಳು.

ಆಮೇಲೆ ರಜೆ ಸಿಕ್ಕಾಗಲೆಲ್ಲ ಕೋಣನಕುಂಟೆಗೆ ಹೋದಳು. ಆಗ ನಾನು ಪಿಯುಸಿ ಓದುತ್ತಿದ್ದೆ. ಕೆಲವು ಸಲ ನಾನೂ ಹೋದೆ. ರಾಗಿ ಹೊಲಗಳ ಅಂಚಿನಲ್ಲಿ ಸಿಳ್ಳೆ ಹಾಕುತ್ತಾ ನಡೆಯುವಳು, ನಿಂತು ಕಿವಿಗೊಡುವಳು, ಸಿಕ್ಕವರನ್ನು ವಿಚಾರಿಸುವಳು. ಟೀ ಅಂಗಡಿಯವನು, "ಅಕ್ಕ, ಬಿಳಿ ನಾಯಿ ಬೇಕಾದಷ್ಟವೆ, ಒಂದನ್ನ ಕರ್ಕೊಂಡೋಗಿ," ಎಂದ. "ನಂದು ಒಂದೇ ಇರೋದು," ಎಂದಳು ಅತ್ತೆ.

ಕೆಲವು ತಿಂಗಳ ನಂತರ ಹನುಮಂತನಗರದಲ್ಲಿ ಒಂದು ರೂಮು ಹಿಡಿದು ಹೊರಟುಹೋದಳು. ನಾಯಿಗೋಸ್ಕರ ಮನೆ ಬಿಟ್ಟಳು ಎಂದರು ಎಲ್ಲರೂ. ಅವಳು ಅಪ್ಪನನ್ನು ಕೇಳಿದ ಪ್ರಶ್ನೆ ಯಾರ ಕಥೆಯಲ್ಲೂ ಇಲ್ಲ. ಮುಂದೆ, ನಾನು ಒಲ್ಲದ ಮದುವೆಗೆ ಮನೆಯವರೆಲ್ಲ ನನ್ನನ್ನು ಒಪ್ಪಿಸಲು ನಿಂತಾಗ ನಾನು ಓಡಿದ್ದು ಆ ರೂಮಿಗೆ. "ಸಿಟ್ಟು ಬಂದಿದ್ರೆ ಇಟ್ಕೋ," ಎಂದಳು ಅತ್ತೆ. "ಬೇಗ ಸಮಾಧಾನ ಮಾಡ್ಕೊಂಡ್ರೆ ಅವರಿಗೇ ಅನುಕೂಲ." ಆ ಮದುವೆ ಆಗಲಿಲ್ಲ. ನಾನು ನಾನಾಗಿ ಉಳಿದದ್ದು ಆ ಮಾತಿನಿಂದ.

ಎಂಬತ್ತರ ದಶಕದ ನಡುವೆ ಅತ್ತೆ ತೀರಿಕೊಂಡಳು. ವೈಕುಂಠ ಸಮಾರಾಧನೆಯ ಊಟಕ್ಕೆ ಕೂತಾಗ ಮತ್ತೆ ಅದೇ ಚೌತಿಯ ಕಥೆ, ಅದೇ ನಗು. "ಪಾಪ, ಆ ಕೋಣನಕುಂಟೆಗೆ ಎಷ್ಟು ಓಡಾಡಿದ್ಲು," ಎಂದರು ಯಾರೋ.

ಅಪ್ಪ ಸಾರು ಕಲೆಸುತ್ತಾ, "ಕೋಣನಕುಂಟೆನಾ? ಹಬ್ಬದ ದಿನ ಅಷ್ಟು ದೂರ ಯಾರು ಹೋಗ್ತಾರೆ. ಬಾಯಿಗೆ ಬಂದಿದ್ದು ಹೇಳ್ದೆ," ಎಂದ.

ಪಂಕ್ತಿ ಮತ್ತೊಮ್ಮೆ ನಕ್ಕಿತು. ನಾನು ಎಲೆಯಿಂದ ಎದ್ದೆ. ಸತ್ತವರ ಊಟದಲ್ಲಿ ಹಾಗೆ ಏಳಬಾರದಂತೆ.

"ಮತ್ತೆ ಎಲ್ಲಿ ಬಿಟ್ಟೆ ಅಪ್ಪ?" ಎಂದು ಅವತ್ತೂ ಕೇಳಿದೆ, ಆಮೇಲೂ ಕೇಳಿದೆ. "ಈಗ್ಯಾಕೆ ಅದೆಲ್ಲ," ಎಂದ ಪ್ರತಿ ಸಲ. ಈಗ ಅವನೂ ಇಲ್ಲ. ಟಿಂಕರನ್ನು ಎಲ್ಲಿ ಬಿಟ್ಟನೆಂದು ನನಗೆ ಗೊತ್ತಿಲ್ಲ. ಅಣ್ಣ ಹೇಳಿದ್ದು ಸುಳ್ಳೆಂದು ಅತ್ತೆಗೆ ಯಾವಾಗಲಾದರೂ ಅನಿಸಿತ್ತೇ, ಅನಿಸಿದ ಮೇಲೂ ಅಲ್ಲಿಗೆ ಹೋಗುತ್ತಿದ್ದಳೇ, ಅದೂ ಗೊತ್ತಿಲ್ಲ.