ಪೂಜೆ ಗಾಡಿಗೋ, ಇಂಜಿನ್ನಿಗೋ?

ಗೆಳೆಯರೇ, ಮೂವತ್ತು ವರ್ಷ ಹಳೆಯ ನನ್ನ ಅಮೆರಿಕನ್ ಕಾರಿಗೆ ಬೇರೆ ಇಂಜಿನ್ ಕೂರಿಸಿ, ಇಂದು ಇಲ್ಲಿ ಅಮೆರಿಕದ ಪೇರ್ಲ್ಯಾಂಡ್ ಊರಿನ ದೇವಸ್ಥಾನಕ್ಕೆ ಒಯ್ದೆ. ಪೂಜೆಯಾಗದೆ ಹತ್ತುವುದಿಲ್ಲವೆಂದ ಹೆಂಡತಿ ಗೆಳತಿಯ ಕಾರಿನಲ್ಲಿ ಬಂದಿದ್ದಳು.

“ಹೊಸ ಗಾಡಿಯಾ?” ಅರ್ಚಕರು ಕೇಳಿದರು.

“ಇಲ್ಲ, ಗಾಡಿಗೆ ಕೊಂಡಾಗಲೇ ಪೂಜೆ ಆಗಿದೆ. ಇಂಜಿನ್ ಮಾತ್ರ ಬೇರೆ.”

“ಇಂಜಿನ್ ಹೊಸದಾ?”

“ಅದೂ ಹಳೇದೇ. ಗುದ್ದಿಸ್ಕೊಂಡ ಇನ್ನೊಂದು ಕಾರಿಂದು.”

“ಆಕ್ಸಿಡೆಂಟ್ ಗಾಡೀದಾ? ನೀವು ಹೇಳ್ಲೇ ಇಲ್ವಲ್ರೀ!” ಎಂದಳು ಹೆಂಡತಿ.

“ಹಾಗಾದ್ರೆ ಈಗ ಪೂಜೆ ಯಾವುದಕ್ಕೆ ಮಾಡ್ಲಿ ಸ್ವಾಮಿ?” ಎಂದರು ಅರ್ಚಕರು. ಕೊನೆಗೆ ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಬಾನೆಟ್ ತೆರೆಸಿ ಇಂಜಿನ್ನಿಗೂ ಕುಂಕುಮ ಹಚ್ಚಿದರು.

ಹೆಂಡತಿ ಹತ್ತಿದಳು, ಆದರೆ ಹಿಂದಿನ ಸೀಟಿಗೆ. ಅಷ್ಟು ಭಾಗಕ್ಕೆ ಹಳೆಯ ಪೂಜೆ ಇನ್ನೂ ಚಾಲ್ತಿಯಲ್ಲಿದೆಯಂತೆ.