ಅಕ್ಕೋರನ್ನು ಬಾಗಿಲಲ್ಲಿ ತಡೆದ ದಿನ

ಈರುಳ್ಳಿ ಸಿಪ್ಪೆಯ ಮೇಲೆ ಅಯೋಡಿನ್ ಹನಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಅರ್ಧ ಅಡುಗೆಮನೆಯದು, ಅರ್ಧ ದವಾಖಾನೆಯದು. ವಿಜಯಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಅದು ರೂಢಿಯಾದ ವಾಸನೆ. ಮೊನ್ನೆ ಮಾತ್ರ ಕೈ ನಿಂತುಹೋಯಿತು. ಪಕ್ಕದಲ್ಲಿ ಸಹೋದ್ಯೋಗಿಯೊಬ್ಬರು ಪೇಪರ್ ಓದುತ್ತಿದ್ದರು. ಚರ್ಮದ ಸಾಮಾನ್ಯ ಜೀವಕೋಶದಿಂದ ಪ್ರಯೋಗಾಲಯದಲ್ಲಿ ಅಂಡಾಣು ಮಾಡಲು ವಿಜ್ಞಾನಿಗಳು ಹೊರಟಿದ್ದಾರಂತೆ. ಇನ್ನೂ ದೋಷಗಳಿವೆ, ಚಿಕಿತ್ಸೆಯಾಗಲು ವರ್ಷಗಳು ಬೇಕಂತೆ.

"ಬಂಜಿಯರ ಕಳಂಕ ಹೋತು ಬಿಡ್ರಿ," ಎಂದು ಅವರು ನಕ್ಕರು.

ಕಳಂಕ! ಮೈಯೆಲ್ಲ ಉರಿಯಿತು. ನನ್ನ ಅಕ್ಕೋರು ನೆನಪಾದರು...

ತಿಕೋಟಾದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರನ್ನು ಊರೆಲ್ಲ ಅಕ್ಕೋರು ಎಂದೇ ಕರೆಯುತ್ತಿತ್ತು. ನಮ್ಮ ಎದುರು ಮನೆಗೆ ಸೊಸೆಯಾಗಿ ಬಂದವರು. ಶಾಲೆಯಲ್ಲಿದ್ದದ್ದು ಒಂದೇ ಸೂಕ್ಷ್ಮದರ್ಶಕ, ಅದೂ ಅಲುಗಾಡುವಂಥದ್ದು. ಅದರ ಬುಡಕ್ಕೆ ನೋಟ್‌ಬುಕ್ ಆನಿಸಿ ತರಗತಿಯ ಪ್ರತಿಯೊಬ್ಬಳಿಗೂ ಈರುಳ್ಳಿಯ ಜೀವಕೋಶ ತೋರಿಸುತ್ತಿದ್ದರು. "ಏನೂ ಕಾಣಲಿಲ್ರಿ" ಎಂದವಳನ್ನು ಬೈದು ಮತ್ತೆ ಸಾಲಿಗೆ ನಿಲ್ಲಿಸುತ್ತಿದ್ದರು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಅವರ ಮುಟ್ಟು ನಿಂತುಹೋಯಿತು. ಆಗಿನ್ನೂ ಇಪ್ಪತ್ತೇಳು. ಅಂಡಾಶಯದಲ್ಲಿ ಅಂಡಾಣುಗಳು ಮುಗಿದಿವೆ, ಕೆಲವರಿಗೆ ಬೇಗ ಹೀಗಾಗುತ್ತದೆ, ಇದು ಯಾರ ತಪ್ಪೂ ಅಲ್ಲ ಎಂದು ವಿಜಯಪುರದ ಡಾಕ್ಟರು ಹೇಳಿದರಂತೆ. ಆ ಕೊನೆಯ ಮಾತು ಮಾತ್ರ ನಮ್ಮ ಓಣಿಗೆ ಬರಲಿಲ್ಲ. "ಒಳಗ ಬರೇ ಟೊಳ್ಳ ಐತಿ, ನಮ್ಮ ಕೊಳ್ಳಾಗ ಕಟ್ಯಾರ," ಎಂದು ಅವರ ಅತ್ತೆ ನಳದ ಮುಂದೆ ನಿಂತು ಎಲ್ಲರಿಗೂ ಹೇಳಿದಳು. ಗಂಡ ಓದಿದವನು, ನೌಕರಿಯಲ್ಲಿದ್ದವನು. ತುಟಿ ಬಿಚ್ಚಲಿಲ್ಲ.

ಉಳಿದ ಮಾಸ್ತರರೆಲ್ಲ "ಮನ್ಯಾಗ ಓದ್ಕೋರಿ" ಎಂದು ದಾಟಿಸುತ್ತಿದ್ದ ಸಂತಾನೋತ್ಪತ್ತಿಯ ಪಾಠವನ್ನು ಆ ವರ್ಷ ಅಕ್ಕೋರು ಬೋರ್ಡಿನ ತುಂಬ ಚಿತ್ರ ಬರೆದು ಕಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಗಬ್ಯಾಡ್ರಿ. ಅಂಡಾಣು ಮುಗಿಯೂದು ಪಾಪ ಅಲ್ಲ. ಬರಕೋರಿ ಇದನ್ನ."

ನಾವು ಬರೆದುಕೊಂಡೆವು.

ಮುಂದಿನ ತಿಂಗಳು ನನ್ನ ಅಕ್ಕನ ಕುಬಸ. ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ದಿನ. ಅಕ್ಕನೂ ಅವರಲ್ಲೇ ಕಲಿತವಳು. ಅಕ್ಕೋರು ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ರವಿಕೆ ಖಣ, ಬಳೆ ಹಿಡಿದು ಬಂದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ... ಹೊರಗ ಕಟ್ಟಿ ಮ್ಯಾಲ ಕುಂದರ್ರಿ. ಊಟ ಅಲ್ಲೇ ಕೊಟ್ಟ ಕಳಸ್ತೀನಿ."

ಅಕ್ಕೋರು ಅವ್ವನ ಮುಖವನ್ನೇ ನೋಡಿದರು. "ನಂದು ಅಂಟುರೋಗ ಅಲ್ರಿ ವೈನಿ," ಎಂದರು.

ಆರತಿ ತಟ್ಟೆ ಹಿಡಿದ ನಾನು ಅವ್ವನ ಹಿಂದೆಯೇ ಇದ್ದೆ. ಪಾಪ ಅಲ್ಲ ಅಂತ ಬರೆದುಕೊಂಡವಳು ನಾನೇ ಅಲ್ಲವೇ? ಆದರೂ ಅವ್ವನ ಬೆನ್ನ ಹಿಂದಿನಿಂದ ಮುಂದೆ ಬರಲಿಲ್ಲ. ಅವರ ಕಣ್ಣು ಒಂದು ಗಳಿಗೆ ನನ್ನ ಮೇಲೆ ನಿಂತು, ದಾಟಿ ಹೋಯಿತು. ಒಳಗೆ ಹೆಂಗಸರು ಹಾಡು ಎತ್ತಿದ್ದರು...

ಕೆಲವೇ ತಿಂಗಳಲ್ಲಿ ಗಂಡ ಅವರನ್ನು ಹೊನವಾಡದ ತವರಿಗೆ ಬಿಟ್ಟುಬಂದ. ವಿಚ್ಛೇದನವಾಯಿತು. ಅವರು ಅಲ್ಲಿಯ ಶಾಲೆಗೇ ವರ್ಗ ಮಾಡಿಸಿಕೊಂಡು ಕಲಿಸುತ್ತಲೇ ಇದ್ದರು. ಹೋದ ವರ್ಷ ಪಾಠ ಮಾಡುವಾಗಲೇ ಎದೆ ಹಿಡಿದುಕೊಂಡು ಕುಸಿದರಂತೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಸಂಜೆ ಅವ್ವನಿಗೆ ಫೋನ್ ಮಾಡಿ ಪೇಪರಿನ ಸುದ್ದಿ ಹೇಳಿದೆ.

"ಆವಾಗ ಇದೆಲ್ಲಾ ಇದ್ದಿದ್ರ ಅಕ್ಕೋರ ಬಾಳೇ ಬ್ಯಾರೆ ಇರ್ತಿತ್ತು ನೋಡು," ಎಂದಳು ಅವ್ವ.

"ಅವರಿಗೆ ಅಡ್ಡ ನಿಂತಾಕಿ ನೀನ ಬೇ!"

"ಆಗಿನ ಕಾಲಾನ ಹಂಗಿತ್ತವಾ..."

"ಬಾಗಲದಾಗ ಕಾಲ ನಿಂತಿರಲಿಲ್ಲ. ನೀನು ನಿಂತಿದ್ದಿ. ನಾ ನಿಂತಿದ್ನಿ."

ನಾನೇ ಫೋನ್ ಇಟ್ಟೆ.

ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ತಿಕೋಟಾದಿಂದ ಹೊನವಾಡಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಹೆಚ್ಚೆಂದರೆ ಒಂದು ತಾಸು. ಅಕ್ಕೋರು ಅಲ್ಲಿದ್ದ ಅಷ್ಟೂ ವರ್ಷಗಳಲ್ಲಿ ನಾನು ಒಂದು ಸಲವೂ ಆ ಬಸ್ಸು ಹತ್ತಲಿಲ್ಲ.